ಹಿಮಗಾಡಿಯ ಸೀಟು

ತಮ್ಮಾ ಶ್ರೀಕಂಠ,

ಚಿರಂಜೀವಿ ಎಂದು ಬರೆಯಲು ಹೋಗಿ ಕೈ ನಿಂತಿತು.

ಪ್ರತಿ ಚಳಿಗಾಲ ನೀನು ಕರೆಯುತ್ತಿದ್ದ ಜಪಾನಿನ ಹೊಕ್ಕೈಡೋಗೆ ಕಡೆಗೂ ಬಂದೆ. ನಿನ್ನ ಮಗಳು ನಿಧಿ ಕರೆತಂದಳು. ನೀನೂ ಗೆಳೆಯರೂ ರಿಪೇರಿ ಮಾಡಿದ್ದ ಹಳೆಯ ಹಿಮಗಾಡಿಯನ್ನು ಇವತ್ತು ಹೊರತೆಗೆದರು. ನೀನು ಕಲಿಸಿದಂತೆ, ಯುದ್ಧದ ಟ್ಯಾಂಕಿಗಿರುವಂಥ ಅದರ ಪಟ್ಟಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಗಾಡಿ ಹರಿದರೂ ಹಣ್ಣು ಒಡೆಯದೆ ಹಿಮದಲ್ಲಿ ಹೂತುಹೋಯಿತು.

"ಅಪ್ಪ ಇದ್ದಾಗ್ಲೂ ಹೀಗೇ ಅಂತೆ ಅತ್ತೆ, ಪ್ರತಿ ಸಲ ಫೇಲ್!" ಎಂದಳು ನಿಧಿ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು.

ಓಡಿಸಿದವರು ನಿನ್ನ ಆ ಗೆಳೆಯರಲ್ಲೊಬ್ಬರು, ಮೊರಿತಾ-ಸಾನ್. ಕುಳ್ಳಗಿದ್ದಾರೆ, ಪೆಡಲ್ ಎಟುಕದೆ ಸೀಟಿನ ತುದಿಯಲ್ಲಿ ಕೂತಿದ್ದರು. ನಿನ್ನ ಉದ್ದ ಕಾಲಿಗೆಂದು ಹಿಂದಕ್ಕೆ ತಳ್ಳಿದ್ದ ಸೀಟನ್ನು ಯಾರೂ ಸರಿಸಿಲ್ಲ.

"ಪಾಪ, ಮುಂದಕ್ಕೆ ಎಳ್ಕೊಳ್ಳಿ ಅಂತ ಹೇಳೇ," ಎಂದೆ.

ನಿಧಿ ಹೂಂ ಎಂದಳು, ಹೇಳಲಿಲ್ಲ. ನಾನೂ ಎರಡನೇ ಸಲ ಹೇಳಲಿಲ್ಲ.

ನಿನ್ನ ಸತ್ಯಕ್ಕ