ತಮ್ಮ ರೈಲು ಇಳಿದ ಚಿತ್ರ

ಕಪ್ಪತಗುಡ್ಡದ ಒಳಊರು, ಕೆಳಸಾಲಿನ ತಂಪುಗೂಡು
ಇಸವಿ ೨೪೮೬, ಬಿಡುತಿಂಗಳು, ಮೂವತ್ತೆರಡನೆಯ ದಿನ

ವಾರಿಜವ್ವ ಅವರಿಗೆ ಚನ್ನವೀರ ಮಾಡುವ ನಮಸ್ಕಾರ.

ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಬಿಸಿಲಿಗೆ ಹೆದರಿ ಯಾರೂ ಹೊರಗೆ ಕೆಲಸಕ್ಕೆ ಹೋಗದ ಕಾಲಕ್ಕೆ ಬಿಡುತಿಂಗಳು ಎನ್ನುತ್ತೇವೆ. ಬಿಸಿಲು ಇಳಿಯುವ ತನಕ ಅದು ಮುಗಿಯುವುದಿಲ್ಲ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿಬಿಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಈ ಒಂದು ವರ್ಷ ಮನೆಯಲ್ಲಿ ಕೂತು ಸಿನಿಮಾ ನೋಡಿ ಕಲಿತವನು. ಎಲ್ಲಾದರೂ ಖಳನಾಯಕನ ಧಾಟಿ ಬಂದರೆ ಅದು ಸಿನಿಮಾದ ತಪ್ಪು, ನನ್ನ ಸ್ವಭಾವ ಹಾಗಿಲ್ಲ. ನಿಮ್ಮನ್ನು ಏನೆಂದು ಕರೆಯಬೇಕು ಎಂದೂ ಬಹಳ ಯೋಚಿಸಿದೆ. ದನಿ ಕೇಳಿದರೆ ನನಗೆ ಮಗಳಾಗುವ ವಯಸ್ಸಿನವರು, ಲೆಕ್ಕ ಹಾಕಿದರೆ ನನ್ನ ಅಜ್ಜಿಯ ಅಜ್ಜಿಗಿಂತಲೂ ಹಿರಿಯರು. ಅವ್ವ ಎಂದರೆ ಇಬ್ಬರಿಗೂ ಸಲ್ಲುತ್ತದೆ.

ನೀವು ನನ್ನನ್ನು ಕಂಡಿಲ್ಲ. ನಾನೂ ನಿಮ್ಮ ಮುಖ ಕಂಡಿಲ್ಲ. ನಿಮ್ಮ ದನಿ ನನಗೆ ಹೇಗೆ ಸಿಕ್ಕಿತು ಎಂದು ಹೇಳುವ ಮೊದಲು ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು.

ನಾವು ಗುಡ್ಡದ ಹೊಟ್ಟೆಯೊಳಗೆ ಕೊರೆದ ಕೋಣೆಗಳಲ್ಲಿ ಇರುತ್ತೇವೆ. ಅದಕ್ಕೆ ತಂಪುಗೂಡು ಎಂದು ಹೆಸರು, ತಂಪೇನೂ ಅಷ್ಟಿಲ್ಲ. ಬೆಳಗಿನ ಜಾವ, ಸಂಜೆ ಹೊರಗೆ ಹೋಗಿ ಕೆಲಸ ಮಾಡಿ ಬರುತ್ತೇವೆ. ನಾನು ಗುಡ್ಡದ ಮೇಲಿನ ಗಾಳಿಕಂಬಗಳಿಗೆ ಎಣ್ಣೆ ಹಾಕುವವನಾಗಿದ್ದೆ. ಊರಿನ ನಡುವೆ ಚಿತ್ರಕಣಜ ಇದೆ. ನೀವು ಜೋಳ ತುಂಬಿಡುತ್ತಿದ್ದ ಹಾಗೆ ನಾವು ಅಲ್ಲಿ ಹಳೆಯ ಕಾಲದ ಸಿನಿಮಾ ತುಂಬಿಟ್ಟಿದ್ದೇವೆ. ಆದರೆ ಅದನ್ನು ನೆನಪಿಟ್ಟುಕೊಳ್ಳುವ ಯಂತ್ರಗಳು ಒಂದೊಂದಾಗಿ ಸಾಯುತ್ತಿವೆ, ಹೊಸದು ಮಾಡಲು ಯಾರಿಗೂ ಬರುವುದಿಲ್ಲ. ಅದಕ್ಕಾಗಿ ಪ್ರತಿ ವರ್ಷ ಒಂದು ಮನೆಗೆ ನೋಡುವ ಸರದಿ ಬರುತ್ತದೆ. ಆ ಮನೆಯವರು ವರ್ಷವಿಡೀ ಕೆಲಸ ಬಿಟ್ಟು, ಕೊಟ್ಟ ಒಂದು ಹೊರೆ ಚಿತ್ರಗಳನ್ನು ನೋಡಿ, ಮನಸ್ಸಿಗೆ ಹಿಡಿದ ಐದನ್ನು ಹೇಳಬೇಕು. ಆ ಐದು ಉಳಿಯುತ್ತವೆ. ಮಿಕ್ಕದ್ದನ್ನು ಅಳಿಸುತ್ತಾರೆ.

ಆ ವರ್ಷ ನೋಡುವವನ ಜೊತೆ ಯಾರೂ ಮಾತಾಡುವಂತಿಲ್ಲ. ಹಿಂದೆ ಒಬ್ಬ ಮಹಾಶಯನ ಸರದಿಯಲ್ಲಿ ಅಳಿಯಂದಿರೆಲ್ಲ ಮನೆಯಲ್ಲೇ ಝಂಡಾ ಹೂಡಿ ಅವನ ತಲೆ ತಿಂದು, ಐದಕ್ಕೆ ಐದೂ ಹೊಡೆದಾಟದ ಚಿತ್ರ ಉಳಿಸಿದರಂತೆ. ಆಗ ಮಾಡಿದ ಕಟ್ಟಳೆ ಇದು. ಊಟ ತಂದು ಬಾಗಿಲ ಪಕ್ಕದ ಗೂಡಿನಲ್ಲಿಟ್ಟು, ಚಪ್ಪಾಳೆ ತಟ್ಟಿ ಹೋಗಿಬಿಡುತ್ತಾರೆ. ಸಂಜೆ ಗಾಳಿಗೆಂದು ನಾನು ಹೊರಗೆ ಬಂದರೆ ಎದುರು ಬರುವವರು ಪಕ್ಕದ ಓಣಿಗೆ ತಿರುಗುತ್ತಾರೆ. ಎಲ್ಲ ಮರ್ಯಾದೆಗೇ ಮಾಡುವುದು, ಅದು ನನಗೂ ಗೊತ್ತು. ನಾನೂ ಬೇರೆಯವರ ಸರದಿಯಲ್ಲಿ ಹಾಗೆಯೇ ತಿರುಗಿದವನು.

ಈ ಸರದಿಗಾಗಿ ಕಾದವಳು ನನ್ನ ಹೆಂಡತಿ ಹಾಲವ್ವ. ನಮ್ಮ ಮನೆಗೆ ಯಾವಾಗ ಬಂದೀತು ಎಂದು ಕಣಜದವರನ್ನು ಕಂಡಾಗಲೆಲ್ಲ ಕೇಳುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬಂತು. ಎಲ್ಲ ಮನೆಗೂ ಕೊಡುವಂತೆ, ಇಬ್ಬರು ಕೂತು ನೋಡಲಿ ಎಂದು ಅಗಲದ ಕಂಬಳಿ ಕೊಟ್ಟು ಹೋದರು. ಅದನ್ನು ಮಡಚಿ ಅರ್ಧ ಮಾಡಿ ಅದರ ಮೇಲೆ ಒಬ್ಬನೇ ಕೂತೆ. ಬಹಳ ಕಷ್ಟವಾಯಿತು, ವಾರಿಜವ್ವ. ಬಾಯಿ ಬಿಡದೆ ಕೂತು ಕೂತು ನನ್ನ ದನಿ ನನಗೇ ಮರೆತುಹೋಗುತ್ತದೇನೋ ಎಂದು ಭಯವಾಗಿ ಬೆಳಕುಹಲಗೆಯ ಜೊತೆ ಮಾತಾಡತೊಡಗಿದೆ. ಬೆಳಕುಹಲಗೆ ಎಂದರೆ ನಿಮ್ಮ ಟಿವಿ.

ಚಿತ್ರಗಳನ್ನು ನೋಡಿ ಬೇಸರಪಟ್ಟಿದ್ದೂ ಉಂಟು. ನಾಯಕಿಯರು ತೆಳ್ಳನೆಯ ಸೀರೆ ಉಟ್ಟು ಹಿಮದ ಗುಡ್ಡದಲ್ಲಿ ಯಾಕೆ ಕುಣಿಯುತ್ತಾರೆ ಎಂಬುದು ನನಗೆ ಕೊನೆಗೂ ತಿಳಿಯಲಿಲ್ಲ, ನೆಗಡಿ ಆಗುವುದಿಲ್ಲವೇ? ಇಷ್ಟವಾದವೂ ಇದ್ದವು. ಹೆಸರಿನ ಭಾಗ ಬಹಳಷ್ಟರಲ್ಲಿ ಹರಿದುಹೋಗಿದೆ, ಹಾಗಾಗಿ ನಾನೇ ಹೆಸರಿಟ್ಟುಕೊಂಡೆ. ಸೈಕಲ್ ಅಂಗಡಿಯವನ ಚಿತ್ರ ಒಂದು. ಒಂದು ಹುಡುಗಿಯ ಸೈಕಲ್ಲನ್ನು ರಿಪೇರಿ ಮಾಡುವುದರಲ್ಲೇ ಇಡೀ ಚಿತ್ರ ಮುಗಿಯುತ್ತದೆ, ಬೇಕೆಂದೇ ತಡ ಮಾಡುತ್ತಾನೆ ಭೂಪ. ಮದುವೆಮನೆಯ ಅಡಿಗೆಭಟ್ಟರ ಚಿತ್ರದಲ್ಲಿ ಸಾರಿಗೆ ಉಪ್ಪು ಹಾಕಿದವರು ಯಾರು ಎಂದು ಎರಡೂ ಬೀಗರು ಜಗಳಕ್ಕೆ ಬೀಳುತ್ತಾರೆ. ಒಬ್ಬನೇ ಕೂತು ಕೆಮ್ಮು ಬರುವಷ್ಟು ನಕ್ಕೆ, ನಕ್ಕ ಮೇಲೆ ಪಕ್ಕಕ್ಕೆ ತಿರುಗಿ ನೋಡಿದೆ. ದೆವ್ವದ ಚಿತ್ರವೊಂದಿದೆ. ಅದರ ದೆವ್ವ ಯಾರನ್ನೂ ಹೆದರಿಸುವುದಿಲ್ಲ, ಮನೆಯವರು ಮಲಗಿದ ಮೇಲೆ ಜಾರಿದ ಹೊದಿಕೆ ಸರಿ ಮಾಡುತ್ತದೆ. ಅಂಥದ್ದೊಂದು ನಮ್ಮ ಮನೆಯಲ್ಲೂ ಇದ್ದರೆ ಆಗುತ್ತಿತ್ತು ಅನ್ನಿಸಿತು. ಇನ್ನೊಂದರಲ್ಲಿ ಕಥೆಯೇ ಇಲ್ಲ, ಒಂದು ಬಸ್ಸು ಘಟ್ಟ ಇಳಿಯುತ್ತದೆ, ಕಿಟಕಿಯಲ್ಲಿ ಮರಗಳು. ಅಷ್ಟು ಮರ ನಾನು ಜನ್ಮದಲ್ಲಿ ನೋಡಿಲ್ಲ.

ಐದನೆಯದು ನಿಮ್ಮದು.

ಅದು ಯಾರೋ ಟಾಕೀಸಿನಲ್ಲಿ ಕೂತು ಕದ್ದು ಚಿತ್ರೀಕರಿಸಿಕೊಂಡ ಪ್ರತಿ ಎಂದು ಮೊದಲು ನನಗೆ ಗೊತ್ತಿರಲಿಲ್ಲ. ಪರದೆ ಓರೆ, ಮುಂದಿನ ಸಾಲಿನವರ ತಲೆಗಳು, ಸೀಟಿ, ಕೆಮ್ಮು, ಅಳುವ ಕೂಸು. ಅದರ ನಡುವೆ, ತೀರ ಹತ್ತಿರದಲ್ಲಿ, ಪಿಸುಮಾತಿನಲ್ಲಿ ನೀವು. ಆ ಕಳ್ಳ ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿದ್ದಿರಬೇಕು, ಅವನ ಹೊಟ್ಟೆ ತಣ್ಣಗಿರಲಿ. ನಮ್ಮ ಊರಲ್ಲಿ ಎಲ್ಲರೂ ಸೇರಿ ಚಿತ್ರ ನೋಡುವಾಗ ಪರದೆಯ ಬದಿಗೆ ಹೇಳುವವರು ಒಬ್ಬರು ಕೂರುತ್ತಾರೆ. ಇದು ಬಸ್ಸು, ಇದು ಮಳೆ ಎಂದು ಅವರು ತಿಳಿಸದಿದ್ದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ನಿಮ್ಮ ಕಾಲದಲ್ಲೂ ಅದೇ ರೂಢಿ ಇತ್ತು, ಚಿತ್ರ ಮಾಡಿದವರೇ ಹೇಳುವವರನ್ನು ಕೂರಿಸಿದ್ದಾರೆ ಎಂದುಕೊಂಡೆ. ಎಷ್ಟು ಚೆನ್ನಾಗಿ ಹೇಳುತ್ತಾಳೆ ಈ ಹೆಣ್ಣುಮಗಳು ಎಂದು ಬೆಳಕುಹಲಗೆಗೆ ಹೇಳಿದೆ.

ಚಿತ್ರದ ಕಥೆ ನಿಮಗೆ ನೆನಪಿರಬಹುದು. ರೈಲು ನಿಲ್ದಾಣದಲ್ಲಿ ಅಣ್ಣನದೊಂದು ಚಹಾದಂಗಡಿ. ತಮ್ಮ ಸಿಟ್ಟು ಮಾಡಿಕೊಂಡು ರೈಲು ಹತ್ತಿ ಹೋಗುತ್ತಾನೆ. ಅಣ್ಣ ಪ್ರತಿ ರೈಲಿಗೂ ಒಂದು ಕಪ್ಪು ಚಹಾ ಸೋಸಿಟ್ಟು ಕಾಯುತ್ತಾನೆ. ಚಿತ್ರದಲ್ಲಿ ಮಾತು ಕಡಿಮೆ, ಹೆಚ್ಚಿನದೆಲ್ಲ ಕಣ್ಣಲ್ಲೇ ನೋಡಿ ತಿಳಿಯಬೇಕು. ನಿಮ್ಮ ಪಕ್ಕದಲ್ಲಿದ್ದವರಿಗೆ ಕಣ್ಣು ಕಾಣುತ್ತಿರಲಿಲ್ಲ. “ಈಗೇನಾತವಾ ವಾರಿಜಾ?” ಎಂದು ಅವರು ಕೇಳುವುದು, “ಸುಮ್ನ ಕುಂತಾನ್ರಿ ಕಾಕಾ, ಹಳಿ ಕಡೆ ನೋಡಾಕತ್ತಾನ” ಎಂದು ನೀವು. ನಡುವೆ ನೀರಿನ ಬಾಟಲಿ ಕೊಡುತ್ತ, “ಇಲ್ಲೈತ್ರಿ, ಬಲಗೈ ಕಡೆ” ಎಂದಿರಿ. ನೋಡ್ತಾ ನೋಡ್ತಾ ನನಗೂ ಚಟ ಹತ್ತಿತು. ಈಗೇನಾಯಿತು ಎಂದು ನಾನೂ ಗಟ್ಟಿಯಾಗಿ ಕೇಳುವೆ, ನೀವು ಹೇಳುವಿರಿ. ಇಡೀ ವರ್ಷದಲ್ಲಿ ನಾನು ಕೇಳಿದ್ದಕ್ಕೆ ಉತ್ತರ ಬಂದದ್ದು ಅಲ್ಲಿ ಮಾತ್ರ. ಬೇಕಾದಷ್ಟು ಸಲ ನೋಡಿದೆ.

ಒಂದು ಕಡೆ ಅಣ್ಣ ಚಹಾ ಕಾಸುವ ಸದ್ದು ಕೇಳಿ ನಿಮ್ಮ ಕಾಕಾ ಹೇಳುತ್ತಾರೆ, “ನಿಮ್ಮಪ್ಪನೂ ಹಿಂಗ ಕಾಯ್ಕೊಂತ ಕುಂತಿದ್ನಂತಲ್ಲವಾ. ನಾ ಬರೂದ್ರಾಗ ಹೋಗೇಬಿಟ್ಟಿದ್ದ.” “ಚಿತ್ರಾ ನೋಡ್ರಿ ಕಾಕಾ” ಎಂದಿರಿ ನೀವು. ಅಂದರೆ ಮನೆ ಬಿಟ್ಟು ಹೋದ ತಮ್ಮ ಅವರು, ಕಾದ ಅಣ್ಣ ನಿಮ್ಮ ತಂದೆ. ಅವರು ಮರಳಿ ಬರುವಷ್ಟರಲ್ಲಿ ನಿಮ್ಮ ತಂದೆ ತೀರಿಹೋಗಿದ್ದರು.

ಕೊನೆಯಲ್ಲಿ ರೈಲು ಬಂದು ನಿಲ್ಲುತ್ತದೆ. ಅದೇ ಹೊತ್ತಿಗೆ ಮುಂದಿನ ಸಾಲಿನ ಯಾರೋ ಪುಣ್ಯಾತ್ಮ ಎದ್ದು ನಿಂತ. ಪರದೆ ಪೂರ್ತಿ ಮರೆ. ನಿಮ್ಮ ದನಿ ಮಾತ್ರ ಇದೆ. “ಇಳದಾ ಕಾಕಾ. ತಮ್ಮ ಇಳದಾ. ಅಣ್ಣ ಕಪ್ಪು ಕೊಟ್ಟಾ. ಇಬ್ಬರೂ ಕುಡ್ಯಾಕತ್ತಾರ.” ಟಾಕೀಸಿನ ತುಂಬ ಮೂಗೊರೆಸುವ ಸದ್ದು. “ಮತ್ತ ಮಂದಿ ಯಾಕ ಅಳಾಕತ್ತಾರವಾ?” ಎಂದು ಕಾಕಾ ಕೇಳುತ್ತಾರೆ. “ಖುಷಿಗೆ ರೀ” ಎಂದಿರಿ ನೀವು. ನಾನೂ ಖುಷಿಗೇ ಅತ್ತೆ.

ಆಮೇಲೆ ಕಣಜದವರು ಅದೇ ಚಿತ್ರದ ಶುದ್ಧ ಪ್ರತಿ ಸಿಕ್ಕಿದೆ ಎಂದು ಚೀಟಿ ಬರೆದು, ಅದನ್ನು ಊಟದ ತಟ್ಟೆಯ ಪಕ್ಕ ಇಟ್ಟು ಹೋದರು. ಹಾಕಿ ನೋಡಿದೆ. ಪರದೆ ನೆಟ್ಟಗಿದೆ, ತಲೆಗಳಿಲ್ಲ, ನೀವೂ ಇಲ್ಲ. ಯಂತ್ರ ಕೆಟ್ಟಿತೆಂದು ಎರಡು ಸಲ ಬಿಚ್ಚಿ ಹಾಕಿದೆ. ಕೊನೆಯಲ್ಲಿ ರೈಲು ನಿಂತಿತು, ಜನ ಇಳಿದರು, ರೈಲು ಹೋಯಿತು. ತಮ್ಮ ಬರಲಿಲ್ಲ. ಅಣ್ಣ ಆರಿದ ಚಹಾ ಚೆಲ್ಲಿ, ಕಪ್ಪು ತೊಳೆದು, ಬೋರಲು ಹಾಕಿ ಒಳಗೆ ಹೋದ. ಅಷ್ಟೇ.

ನನಗೆ ಸಿಟ್ಟು ಬಂತು. ಮೋಸ ಹೋದೆ ಅನ್ನಿಸಿ ಅವತ್ತು ಉಣ್ಣಲಿಲ್ಲ. ಮಾರನೆಯ ದಿನ ನಿಮ್ಮ ಪ್ರತಿ ಹಾಕಿ ಕೊನೆಯ ಭಾಗವನ್ನಷ್ಟೇ ಕೇಳಿದೆ. ಎದುರಿಗೆ ಇಲ್ಲದ್ದನ್ನು ಇದೆ ಎಂದು ಹೇಳುವಾಗ ನಿಮ್ಮ ದನಿ ಒಂಚೂರೂ ನಡುಗಿಲ್ಲ. ಅಷ್ಟು ಜನರ ನಡುವೆ, ಅಷ್ಟು ಬೇಗ, ಅದು ನಿಮಗೆ ಹೇಗೆ ಹೊಳೆಯಿತು? “ಖುಷಿಗೆ ರೀ” ಎಂದ ಮೇಲೆ ಕಾಕಾ, “ಆಗ್ಲಿ ಬಿಡವಾ, ಬಂದ್ನಲ್ಲ” ಎನ್ನುತ್ತಾರೆ. ಅವರಿಗೆ ತಿಳಿಯಿತೋ ಇಲ್ಲವೋ ನಾನು ಹೇಳಲಾರೆ.

ಈಗ ಕಷ್ಟಕ್ಕೆ ಇಟ್ಟುಕೊಂಡಿತು. ಒಂದೇ ಚಿತ್ರದ ಎರಡು ಪ್ರತಿ ಇದ್ದರೆ ಶುದ್ಧವಾದದ್ದನ್ನು ಇಟ್ಟು ಹಾಳು ಪ್ರತಿಯನ್ನು ಅಳಿಸಬೇಕು ಎಂಬುದು ಕಣಜದ ನಿಯಮ. ಅಂದರೆ ನಿಮ್ಮ ದನಿ, ಕಾಕಾನ ದನಿ, ಎರಡೂ ಇಲ್ಲ ಎಂದಾಗುತ್ತದೆ. ಈ ವರ್ಷ ನನ್ನನ್ನು ಮನುಷ್ಯನಾಗಿ ಉಳಿಸಿದ್ದು ಆ ದನಿ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ನಿನ್ನೆ ಕಣಜದ ಹಿರಿಯಳು ಬಸಲಿಂಗಮ್ಮ ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ವರ್ಷದ ಮೇಲೆ ನನ್ನ ಮನೆಯೊಳಗೆ ಕಾಲಿಟ್ಟ ಮೊದಲ ಮನುಷ್ಯರು. ಇವು ಒಂದೇ ಚಿತ್ರವಲ್ಲ, ಎರಡು ಎಂದು ಹೇಗೋ ಹೇಳಿದೆ. ಒಂದರಲ್ಲಿ ತಮ್ಮ ಬರುವುದಿಲ್ಲ, ಇನ್ನೊಂದರಲ್ಲಿ ಬರುತ್ತಾನೆ. ಕೊನೆ ಬೇರೆ ಆದ ಮೇಲೆ ಚಿತ್ರವೂ ಬೇರೆಯೇ. ಮುದುಕನಿಗೆ ಅರುಳು ಮರುಳು ಎನ್ನುವಂತೆ ಉಳಿದಿಬ್ಬರು ಮುಖ ನೋಡಿಕೊಂಡರು. ಬಸಲಿಂಗಮ್ಮ ಕಂಬಳಿ ಬಿಡಿಸಿ ಕೂತಳು, ಎರಡನ್ನೂ ನೋಡಿದಳು. ನಿಮ್ಮದು ಮುಗಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, “ಬ್ಯಾರೇನ ಅದಾವ ಬಿಡೋ ಚನ್ನವೀರ” ಎಂದಳು. ಆದರೆ ಬೇರೆಯಾದರೆ, ನಾಲ್ಕು ಆಗಲೇ ಹೇಳಿದ್ದೀಯ, ಐದರಲ್ಲಿ ಇನ್ನು ಒಂದಕ್ಕೇ ಜಾಗ, ಯಾವುದು ಹೇಳು ಎಂದಳು.

ಇನ್ನೊಂದನ್ನು ಬಿಟ್ಟುಕೊಟ್ಟಿದ್ದರೆ ಎರಡೂ ಉಳಿಯುತ್ತಿದ್ದವು. ದೆವ್ವವನ್ನೋ ಬಸ್ಸನ್ನೋ ಬಿಡಬಹುದಿತ್ತು. ನಾನು ಬಿಡಲಿಲ್ಲ. ನಿಮ್ಮದನ್ನು ಹೇಳಿದೆ, ಶುದ್ಧ ಪ್ರತಿಯನ್ನು ಇವತ್ತು ಬೆಳಿಗ್ಗೆ ನನ್ನೆದುರೇ ಅಳಿಸಿದರು. ಆ ಚಿತ್ರ ಮಾಡಿದ ಪುಣ್ಯಾತ್ಮರಿಗೆ ಅನ್ಯಾಯವಾಯಿತು, ಗೊತ್ತು. ಅವರ ಕೊನೆಯೇ ನಿಜವಾದದ್ದು, ನಾನು ಅದನ್ನೇ ಬದುಕುತ್ತಿರುವವನು. ಮನೆಯಲ್ಲಿ ಇರುವುದನ್ನೇ ಮತ್ತೆ ಕಣಜದಲ್ಲಿ ಯಾಕೆ ಇಡಬೇಕು? ಇನ್ನು ಮುಂದೆ ಈ ಗುಡ್ಡದಲ್ಲಿ ಹುಟ್ಟುವ ಮಕ್ಕಳಿಗೆಲ್ಲ ಆ ತಮ್ಮ ರೈಲು ಇಳಿಯುತ್ತಾನೆ. ನಿರ್ದೇಶಕರ ಹೆಸರು ಬೇಕು ಎಂದರು. ವಾರಿಜಾ ಎಂದು ಬರೆಸಿದ್ದೇನೆ. ನಿಮ್ಮನ್ನು ಕೇಳದೆ ಮಾಡಿದೆ, ಬೇಸರ ಮಾಡಿಕೊಳ್ಳಬೇಡಿ.

ನಾಳೆ ಯಂತ್ರವನ್ನು ಒಯ್ಯುತ್ತಾರೆ. ಉಳಿಸಿದ ಚಿತ್ರ ಊರಿನದು, ನನ್ನದಲ್ಲ. ಹಬ್ಬಕ್ಕೊಮ್ಮೆ ಎಲ್ಲರ ಜೊತೆ ನೋಡಬೇಕು. ನಾಳೆಯಿಂದ ಜನ ಮಾತಾಡಿಸಲು ಬರುತ್ತಾರೆ, ಯಾವ ಚಿತ್ರ ಹೇಗಿತ್ತು ಎಂದು ಕೇಳುತ್ತಾರೆ. ಬರಲಿ, ಒಳ್ಳೆಯದೇ. ಆದರೆ ಅವರೆಲ್ಲ ಎದ್ದು ಹೋದ ಮೇಲೆ ಈಗೇನಾಯಿತು ಎಂದು ನಾನು ಕೇಳಿದರೆ ಹೇಳುವವರು ಇರುವುದಿಲ್ಲ.

ಸರದಿ ಮುಗಿಸಿದವರು ಮುಂದಿನ ಪೀಳಿಗೆಗೆ ಒಂದು ಕಾಗದ ಬರೆದು ಕಣಜದಲ್ಲಿ ಇಡುವುದು ವಾಡಿಕೆ. ನಾನು ಇದನ್ನು ಅಲ್ಲಿ ಇಡುವುದಿಲ್ಲ, ಇದರಲ್ಲಿ ನಿಜ ಬರೆದಿದ್ದೇನೆ, ಮಕ್ಕಳು ಓದಬಾರದು. ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ಬಸಲಿಂಗಮ್ಮ ನಗುತ್ತಾಳೆ. ಹೋದೀತು, ಹೋಗದೆ ಇದ್ದೀತು. ನಿಮ್ಮ ದನಿ ಇಷ್ಟು ದೂರ ಬಂದಿಲ್ಲವೇ?

ತಲುಪಿದರೆ ಒಂದು ಉಪಕಾರ ಮಾಡಿ. ನಿಮ್ಮ ಕಾಕಾ ಪಕ್ಕದಲ್ಲೇ ಇದ್ದರೆ, ಓದಿ ಹೇಳಿ. ಆ ಗುಡ್ಡದಾಗಿನ ಮುದುಕ ಈಗ ಏನ್ ಮಾಡಾಕತ್ತಾನವಾ ಎಂದು ಅವರು ಕೇಳದೆ ಇರುವುದಿಲ್ಲ. ಇಲ್ಲಿ ಇರುವುದನ್ನು ಇದ್ದ ಹಾಗೆ ಹೇಳಬೇಡಿ. ಬಾಗಲದಾಗ ಕುಂತಾನ್ರಿ, ಒಳಗ ಹಾಲವ್ವ ರೊಟ್ಟಿ ಬಡಿಯಾಕತ್ತಾಳ, ಉಣ್ಣಾಕ ಬಾ ಅಂತ ಕರ್ಯಾಕತ್ತಾಳ ಎಂದು ಹೇಳಿ.

ಚನ್ನವೀರ