ಸುಂಕ ಕಟ್ಟದ ಹೊಗೆಸೊಪ್ಪು

ಏನೂಂದ್ರೆ,

ಬದುಕಿದ್ದಾಗ ನನ್ನ ಮಾತು ಪೂರ್ತಿ ಕೇಳಿಸಿಕೊಂಡವರಲ್ಲ ನೀವು. ಅರ್ಧಕ್ಕೇ ಎದ್ದು ಜಗಲಿಗೆ ಹೋಗಿ ಬೆಂಕಿಕಡ್ಡಿ ಗೀರುತ್ತಿದ್ದಿರಿ. ಈಗ ಎಲ್ಲಿಗೆ ಎದ್ದು ಹೋಗುತ್ತೀರಿ? ಕೂತು ಕೇಳಿ.

ಬಜೆಟ್ಟಿನ ಸಂಜೆಗಳು ನೆನಪಿವೆಯೇ? ನೀವು ಎಚ್.ಡಿ. ಕೋಟೆಯ ಬಸ್ಸು ಓಡಿಸಿ ಬಿಳಿಕೆರೆಗೆ ಬರುವಷ್ಟರಲ್ಲಿ ನಾನು ಸ್ಕೂಲಿನಲ್ಲಿ ಪಾಠ ಮುಗಿಸಿ ಬಂದು ರೇಡಿಯೊ ಮುಂದೆ ಕೂತಿರುತ್ತಿದ್ದೆ. ಸಿಗರೇಟಿನ ಮೇಲೆ ಸುಂಕ ಏರಿತು ಅಂದರೆ ಸಾಕು, ಒಲೆ ಮೇಲೆ ಶಾವಿಗೆ ಪಾಯಸ! ಊರೆಲ್ಲ ಸರ್ಕಾರಕ್ಕೆ ಹಿಡಿಶಾಪ ಹಾಕುವಾಗ ನಾನೊಬ್ಬಳು ದ್ರಾಕ್ಷಿ, ಗೋಡಂಬಿ ಹುರಿಯುತ್ತಿದ್ದೆ. "ನೀನೇನಮ್ಮಿ, ದಿಲ್ಲಿಯೋರ ಕಡೆಯೋಳಾ?" ಎಂದು ರೇಗುತ್ತಿದ್ದಿರಿ. ಹೌದು ಕಣ್ರೀ, ಅವರ ಕಡೆಯವಳೇ. ಹೆಂಡತಿ ಅತ್ತರೂ ಕೇಳದ ಗಂಡಸು ಜೇಬಿಗೆ ಕತ್ತರಿ ಬಿದ್ದರಾದರೂ ಕೇಳುತ್ತಾನೆ ಅಂತ ನಂಬಿದ್ದೆ.

ಕೇಳಿದಿರಿ ಕೂಡ! ಆ ವರ್ಷ ಸುಂಕ ಮತ್ತೆ ಏರಿದಾಗ ಖಾಲಿ ಪ್ಯಾಕೆಟ್ಟನ್ನು ಹಿತ್ತಲಿಗೆ ಎಸೆದು, "ಥೂ, ಇವ್ರ ಮನೆ ಹಾಳಾಗ, ಇನ್ನು ಸೇದಲ್ಲ ಕಣಮ್ಮಿ" ಅಂದಿರಿ. ಯುಗಾದಿ ಕಳೆಯಿತು, ಮುಟ್ಟಲಿಲ್ಲ. ಕೆಮ್ಮು ಇಳಿಯಿತು. ಕೆರೆ ಏರಿಯ ಮೇಲೆ ನನಗಿಂತ ಮುಂದೆ ನಡೆದಿರಿ. ಆ ಒಂದೂವರೆ ತಿಂಗಳು ನನಗೆ ಮದುವೆಯಾದ ಹೊಸತರ ಹಾಗಿತ್ತು.

ಆಮೇಲೆ ಬಂದನಲ್ಲ ನಿಮ್ಮ ಜೀವದ ಗೆಳೆಯ, ಪಿರಿಯಾಪಟ್ಟಣದ ರಸ್ತೆಯಲ್ಲಿ ಹೊಗೆಸೊಪ್ಪನ್ನು ಬಿಸಿಗೆ ಬೇಯಿಸಿ ಒಣಗಿಸುವ ಬ್ಯಾರನ್ ಮನೆ ಇಟ್ಟಿದ್ದ ಚೆಲುವೇಗೌಡ! ಸುಂಕದ ಸಾಹೇಬರಿಗೆ ತೂಗಿ ತೋರಿಸಬೇಕಾದ ಸೊಪ್ಪಿನಲ್ಲಿ ಒಂದಷ್ಟನ್ನು ಅಟ್ಟದ ಮೇಲೆ ಹುಲ್ಲಿನಡಿ ಬಚ್ಚಿಟ್ಟಿದ್ದೇನೆಂದು ನನ್ನೆದುರೇ ಜಂಬ ಕೊಚ್ಚಿಕೊಂಡ. ಟವೆಲ್ಲಿನಿಂದ ಒಂದು ಕಂತೆ ತೆಗೆದು, "ಸುಂಕ ಕಟ್ಟದ ಸೊಪ್ಪು ಕಣ್ಲಾ. ಸರ್ಕಾರದೋರ್ಗೆ ಯಾಕ್ ಕೊಟ್ಟೀಯೆ? ಸುತ್ಕಂಡು ಸೇದು" ಅಂದ. ಇಬ್ಬರೂ ದಿಲ್ಲಿಯನ್ನೇ ಗೆದ್ದವರಂತೆ ಕೈ ಕೈ ತಟ್ಟಿ ನಕ್ಕಿರಿ. ನನ್ನ ಸ್ಕೂಲಿನ ಮಕ್ಕಳ ಹಳೆಯ ಕಾಪಿ ಪುಸ್ತಕದ ಹಾಳೆ ಹರಿದು ಸುತ್ತಿದಿರಿ. ಅಲ್ಲಿ ಸೋತವಳು ಯಾರು ಅಂತ ಒಮ್ಮೆಯಾದರೂ...

ಕೆಮ್ಮು ತಿರುಗಿ ಬಂತು, ಜೊತೆಗೆ ರಕ್ತವೂ ಬಂತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಶ್ವಾಸಕೋಶದ ಗಂಟು ತೋರಿಸಿದರು. ಮೂರೇ ವಾರಕ್ಕೆ ನೀವು ಹೋದಿರಿ. ಚೆಲುವೇಗೌಡ ನಿಮ್ಮ ಹೆಣದ ಮುಂದೆ ಕೂತು ಗೊಳೋ ಎಂದು ಅತ್ತ. ನನಗೆ ಮೈಯೆಲ್ಲ ಉರಿಯಿತು.

ನಿಮಗೆ ಗೊತ್ತಿಲ್ಲದ್ದು ಇದು. ತಿಥಿಯ ಮಾರನೇ ದಿನವೇ ನಾನು ಸುಂಕದ ಆಫೀಸಿಗೆ ಕಾಗದ ಬರೆದೆ. ಅಟ್ಟ, ಹುಲ್ಲು, ಎಲ್ಲ ಬರೆದೆ. ಕೆಳಗೆ ನನ್ನ ಹೆಸರನ್ನೂ ಹಾಕಿದೆ. ಜೀಪು ಬಂತು, ಕಂತೆ ಕಂತೆ ಇಳಿಸಿದರು. ಲೈಸೆನ್ಸು ಹೋಯಿತು, ಬ್ಯಾರನ್ನಿಗೆ ಬೀಗ ಬಿತ್ತು. ರಸ್ತೆಯಾಚೆ ಕೊಡೆ ಹಿಡಿದು ನಿಂತು ಪೂರ್ತಿ ನೋಡಿದೆ. ಪಾಪ ಅನ್ನಿಸಲಿಲ್ಲವೇ ಅಂತ ಕೇಳಬೇಡಿ. ಹೊಟ್ಟೆ ತಣ್ಣಗಾಯಿತು. ಮನೆಗೆ ಬಂದು ಪಾಯಸ ಮಾಡಿ ಒಬ್ಬಳೇ ಉಂಡೆ.

ಇವತ್ತು ಪಕ್ಷದ ಹಬ್ಬ, ನಿಮಗೆ ಮೊದಲ ಎಡೆ. ಬಾಳೆಲೆಗೆ ಕೋಳಿ ಸಾರು, ಕಜ್ಜಾಯ ಬಡಿಸುತ್ತಿದ್ದೆ, ಚೆಲುವೇಗೌಡ ಬಂದ. ಸತ್ತವರ ಎಡೆಗೆ ಅವರ ಇಷ್ಟದ್ದೆಲ್ಲ ಇಡಬೇಕಲ್ಲ! ಒಂದು ಹಿಡಿ ಸೊಪ್ಪು ಚಾಚಿ, "ಅವ್ನಿಗೆ ಅಂತ ಇಷ್ಟ್ ಉಳಿಸ್ಕಂಡಿದ್ದೆ ಕಣವ್ವ, ಎಡೆಗೆ ಮಡಗು" ಅಂದ.

"ಕಾಗದ ಬರೆದು ನಿಮ್ಮನ್ನ ಹಿಡಿಸಿದವಳು ನಾನೇ" ಅಂದೆ.

ಅವನು ಹೊಸ್ತಿಲಾಚೆಯೇ ಕುಕ್ಕರಿಸಿದ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, "ಓಗ್ಲಿ ಬುಡವ್ವ" ಅಂದ. "ನಾನ್ ತಂದ್ಕೊಡಕ್ ಮುಂಚೇನೇ ಸೊಪ್ಪು ಕೊಡು ಅಂತ ಅವ್ನೇ ಕೇಳ್ಕಂಡ್ ಬಂದಿದ್ದ. ಎರಡ್ ಸಲ ಇಲ್ಲ ಅಂದ್ ಕಳಿಸ್ದೆ. ಮೂರ್ನೇ ಸಲ ಕಾಲ್ ಹಿಡ್ಕಂಡ ಕಣವ್ವ."

ಕಾಲು ಹಿಡಿದಿರಂತೆ! ಸಿಗರೇಟು ಬಿಡಿ ಅಂತ ನಾನು ನಿಮ್ಮ ಕಾಲು ಹಿಡಿದಾಗ ಕೊಡವಿಕೊಂಡು ಎದ್ದು ಹೋದವರು ನೀವೇ ತಾನೇ?

ಅವನನ್ನು ಒಳಗೆ ಕರೆದು ಊಟಕ್ಕೆ ಬಡಿಸಿದೆ. ಆ ಸೊಪ್ಪನ್ನು ಒಲೆಗೆ ಹಾಕಲಿಲ್ಲ, ಹೊಗೆ ಎದ್ದರೆ ನಿಮಗೆ ಮುಟ್ಟೀತು ಅಂತ. ತಿಪ್ಪೆಗೆ ಹಾಕಿ ಮೇಲೆ ಸಗಣಿ ನೀರು ಸುರಿದೆ. ಇನ್ನು ವರ್ಷಾ ವರ್ಷ ನಿಮಗೆ ಕೋಳಿ, ಕಜ್ಜಾಯ ಎಲ್ಲ ಇಡುತ್ತೇನೆ, ಅದೊಂದು ಬಿಟ್ಟು. ಕೋಪ ಬಂದರೆ ಬಂದು ಬೈಯಿರಿ. ಅವನ ಕಾಲು ಹಿಡಿದ ಹಾಗೆ ನನ್ನದನ್ನೂ ಹಿಡಿದು ಬೇಡುತ್ತೀರಾ? ಬೇಡಿ. ಆಗಲೂ ಕೊಡುವುದಿಲ್ಲ.

ನಾನು ಉಸಿರಾಡುವ ತನಕ ನೀವು ಸಿಗರೇಟು ಬಿಟ್ಟ ಗಂಡಸು.