ಅಪ್ಪನ ಸ್ಟೂಲು

ಆರೋಗ್ಯಾಧಿಕಾರಿ ಮೇಡಂ ಅವರಿಗೆ ನಮಸ್ಕಾರ.

ಮರೆವಿನ ಕಾಯಿಲೆಯವರ ಜೊತೆ ಹೇಗಿರಬೇಕೆಂದು ನಮ್ಮ ಬೀದಿಯ ಅಂಗಡಿಯವರಿಗೆಲ್ಲ ನೀವು ತರಬೇತಿ ಕೊಟ್ಟಿರಿ. ದೊಡ್ಡ ಉಪಕಾರವಾಯಿತು. ಅಪ್ಪ ಈಗಲೂ ದಿನಾ ತಾವು ಮಾರಿದ ಟೈಲರ್ ಅಂಗಡಿಗೇ ಹೋಗುತ್ತಾರೆ. ಅಲ್ಲೀಗ ಮೊಬೈಲ್ ಮಾರುವವರು ಮೊದಲೆಲ್ಲ ಗದರಿ ಕಳಿಸುತ್ತಿದ್ದರು. ಈಗ ಸ್ಟೂಲು ಹಾಕಿ, ಕೈಗೆ ಟೇಪು ಕೊಟ್ಟು, ತಾವೇ ಅಳತೆಗೆ ನಿಲ್ಲುತ್ತಾರೆ.

ಒಂದು ಕೋರಿಕೆ. ಈಚೆಗೆ ಅಪ್ಪ ಪಕ್ಕದ ಬೀದಿಗೂ ಕಾಲಿಡುತ್ತಿದ್ದಾರೆ. ದಯವಿಟ್ಟು ಅಲ್ಲಿಯವರಿಗೂ ತರಬೇತಿ ಕೊಡಿ.

ನಿನ್ನೆ ಅಪ್ಪ ನನ್ನನ್ನೇ, "ನೀನು ಯಾರ ಮಗಳಮ್ಮ?" ಎಂದು ಕೇಳಿದರು. ನೀವು ಹೇಳಿಕೊಟ್ಟಂತೆ ತಿದ್ದಲು ಹೋಗದೆ, "ಟೈಲರ್ ಮಗಳು" ಎಂದೆ.

"ಒಳ್ಳೇ ಮನುಷ್ಯ ಕಣಮ್ಮ. ಆದ್ರೆ ಹೇಳಿದ ದಿನಕ್ಕೆ ಬಟ್ಟೆ ಕೊಡಲ್ಲ" ಎಂದರು.

ಎಷ್ಟೋ ದಿನದ ಮೇಲೆ ಇಬ್ಬರೂ ಕೂಡಿ ನಕ್ಕೆವು.

ನಿಮ್ಮ ಋಣದಲ್ಲಿರುವ,
ಟೈಲರ್ ಮಗಳು